ಬೇರೆ ಊರಿನ ಫುಟ್‌ಬಾಲ್ ತಂಡವನ್ನು ಪುಣೆಗೆ ತರಿಸಬೇಕೆ? ಸಹಿ ಹಾಕುವ ಮೊದಲು ಒಂದು ಚರ್ಚೆ

ಔಂಧ್ ನಿವಾಸಿ

ಪುಣೆಯ ಕನ್ನಡಿಗ ಫುಟ್‌ಬಾಲ್ ಪ್ರಿಯರಿಗೆ ನಮಸ್ಕಾರ. ನಮ್ಮ ಭಾನುವಾರದ ಆಟದ ಬಳಗದಲ್ಲಿ ಒಂದು ಮನವಿಪತ್ರ ಕೈಯಿಂದ ಕೈಗೆ ಹೋಗುತ್ತಿದೆ. ಇಂಡಿಯನ್ ಸೂಪರ್ ಲೀಗಿನಲ್ಲಿ ಕಷ್ಟದಲ್ಲಿರುವ ಯಾವುದಾದರೂ ತಂಡದ ಮಾಲೀಕರನ್ನು ಪುಣೆಗೆ ಆಹ್ವಾನಿಸಬೇಕು, ಅವರಿಗೆ ಬಾಲೇವಾಡಿ ಕ್ರೀಡಾಂಗಣವನ್ನು ರಿಯಾಯಿತಿ ಬಾಡಿಗೆಗೆ ಕೊಡಬೇಕು ಎಂದು ಸರ್ಕಾರವನ್ನು ಕೇಳಿಕೊಳ್ಳುವುದು ಅದರ ಸಾರಾಂಶ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಪತ್ರ ಈಗಿರುವ ರೂಪದಲ್ಲಿ ನಾನು ಸಹಿ ಹಾಕುವುದಿಲ್ಲ.

ಕಾರಣ ಹಳೆಯದು. 2007ರಲ್ಲಿ ಹುಟ್ಟಿ ಆಗ ದೇಶದ ಮೊದಲ ದರ್ಜೆಯ ಲೀಗಾಗಿದ್ದ ಐ-ಲೀಗಿನಲ್ಲಿ 2012-13ರಲ್ಲಿ ಎರಡನೇ ಸ್ಥಾನ ಪಡೆದಿದ್ದ ಪುಣೆ ಎಫ್‌ಸಿ 2015ರಲ್ಲಿ ಮುಚ್ಚಿತು. ಅದೇ ವರ್ಷ ಭಾರತ್ ಎಫ್‌ಸಿ ಒಂದೇ ಒಂದು ಋತು ಆಡಿ ಬಾಗಿಲು ಹಾಕಿತು. ಡಿಎಸ್‌ಕೆ ಶಿವಾಜಿಯನ್ಸ್ ಎರಡು ಋತು ಐ-ಲೀಗ್ ಆಡಿ, 2017ರ ನಂತರ ಅಲ್ಲಿ ಕಾಣಿಸಲಿಲ್ಲ. 2014ರಿಂದ ಸೂಪರ್ ಲೀಗಿನಲ್ಲಿದ್ದ ಎಫ್‌ಸಿ ಪುಣೆ ಸಿಟಿ ಹಣದ ಮುಗ್ಗಟ್ಟಿಗೆ ಸಿಕ್ಕು 2019ರಲ್ಲಿ ನಿಂತುಹೋಯಿತು. ಲೀಗಿನಲ್ಲಿ ಅದಕ್ಕಿದ್ದ ಸ್ಥಾನ ಹೈದರಾಬಾದಿನ ಪಾಲಾಯಿತು. ಹೋಗಲಿ, ಅಲ್ಲಾದರೂ ಅದು ನೆಲೆ ನಿಂತಿತೇ ಎಂದರೆ ಅದೂ ಇಲ್ಲ. 2025ರಲ್ಲಿ ಹೈದರಾಬಾದ್ ಎಫ್‌ಸಿ ಸ್ಪೋರ್ಟಿಂಗ್ ಕ್ಲಬ್ ದೆಹಲಿ ಎಂಬ ಹೊಸ ಹೆಸರಿಟ್ಟುಕೊಂಡು ರಾಜಧಾನಿಗೆ ಹೊರಟಿತು. ದೆಹಲಿಯಲ್ಲಿ ಜಾಗ ಖಾಲಿ ಇದ್ದದ್ದಾದರೂ ಏಕೆ? ಅಲ್ಲಿದ್ದ ಡೆಲ್ಲಿ ಡೈನಮೋಸ್ ತಂಡ, ಪುಣೆಯದು ಹೋದ ಅದೇ 2019ರ ಮಳೆಗಾಲದಲ್ಲಿ ಭುವನೇಶ್ವರಕ್ಕೆ ಹೋಗಿ ಒಡಿಶಾ ಎಫ್‌ಸಿ ಆಗಿತ್ತು.

ಒಂದು ಊರಿನ ನಷ್ಟವನ್ನು ಇನ್ನೊಂದು ಊರಿನ ನಷ್ಟದಿಂದ ತುಂಬುವ ಈ ಏರ್ಪಾಟಿನಲ್ಲಿ ನಮಗೂ ಒಂದು ಪಾಲು ಕೊಡಿ ಎಂದು ಕೇಳುವುದು ನನ್ನ ಮನಸ್ಸಿಗೆ ಒಗ್ಗುತ್ತಿಲ್ಲ. ಬಂದ ತಂಡ ಎಷ್ಟು ವರ್ಷ ಇದ್ದೀತು, ಹೋಗುವಾಗ ಏನನ್ನು ಬಿಟ್ಟು ಹೋದೀತು ಎಂಬ ಬಗ್ಗೆ ಪತ್ರದಲ್ಲಿ ಒಂದು ಸಾಲೂ ಇಲ್ಲ. ಎಲ್ಲರೂ ತಮ್ಮ ಅಭಿಪ್ರಾಯ ತಿಳಿಸಬೇಕೆಂದು ಕೋರುತ್ತೇನೆ.

ಹಿಂಜವಡಿ ನೀಲಿ

ಔಂಧ್ ಸರ್, ನಿಮ್ಮ ಇತಿಹಾಸಕ್ಕೆ ಒಂದು ಸಣ್ಣ ತಿದ್ದುಪಡಿ ಇದೆ. ದೆಹಲಿಯದು ಮತ್ತು ಹೈದರಾಬಾದಿನದು ನಿಜವಾದ ಅರ್ಥದಲ್ಲಿ ಸ್ಥಳಾಂತರ. ಅದೇ ಕ್ಲಬ್ಬು ಊರನ್ನೂ ಹೆಸರನ್ನೂ ಬದಲಿಸಿತು. ಪುಣೆಯದು ಹಾಗಲ್ಲ. ಇಲ್ಲಿ ಕ್ಲಬ್ಬು ಸತ್ತಿತು. ಖಾಲಿಯಾದ ಸ್ಥಾನಕ್ಕೆ ಹೊಸ ಮಾಲೀಕರು ಹೊಸ ಕ್ಲಬ್ಬು ಕಟ್ಟಿ ತಂದರು. ತರಬೇತುದಾರ ಫಿಲ್ ಬ್ರೌನ್ ಮತ್ತು ಹಲವು ಆಟಗಾರರು ಇಲ್ಲಿಂದಲೇ ಅಲ್ಲಿಗೆ ಹೋದರು ಎಂಬುದು ನಿಜವಾದರೂ ಕಾಗದದ ಮೇಲೆ ಎರಡೂ ಬೇರೆ ಬೇರೆ. ಈ ವ್ಯತ್ಯಾಸವನ್ನು ಎತ್ತುತ್ತಿರುವುದಕ್ಕೆ ಕಾರಣವಿದೆ. ಸ್ಥಳಾಂತರವನ್ನು ನಾವು ದೊಡ್ಡ ಅನ್ಯಾಯವೆಂಬಂತೆ ಮಾತನಾಡುತ್ತೇವೆ, ಆದರೆ ಪುಣೆಗೆ ಒದಗಿದ್ದು ಅದಕ್ಕಿಂತ ಕೆಟ್ಟದ್ದು. ಹೊರಟುಹೋದ ತಂಡವನ್ನು ಬೈಯಬಹುದು, ಅದರ ಎದುರಾಳಿಯನ್ನು ಬೆಂಬಲಿಸಬಹುದು. ನಮಗೆ ಬೈಯಲಿಕ್ಕೂ ಯಾರೂ ಉಳಿಯಲಿಲ್ಲ.

ಎರಡನೆಯದಾಗಿ, ನಾವು ಕನ್ನಡಿಗರು ಈ ವಿಷಯದಲ್ಲಿ ತೀರಾ ಸಾಚಾಗಳೇನಲ್ಲ. 2018ರ ಮಾರ್ಚ್‌ನಲ್ಲಿ ಸೂಪರ್ ಲೀಗಿನ ಸೆಮಿಫೈನಲ್ ಪುಣೆ ಮತ್ತು ಬೆಂಗಳೂರಿನ ನಡುವೆ ನಡೆಯಿತು. ಬಾಲೇವಾಡಿಯಲ್ಲಿ ಮೊದಲ ಪಂದ್ಯ ಗೋಲಿಲ್ಲದೆ ಮುಗಿಯಿತು. ಕಂಠೀರವದಲ್ಲಿ ನಡೆದ ಎರಡನೆಯದರಲ್ಲಿ ಸುನಿಲ್ ಛೆಟ್ರಿ ಮೂರು ಗೋಲು ಹೊಡೆದರು, ಬೆಂಗಳೂರು 3-1ರಿಂದ ಗೆದ್ದಿತು. ಬಾಲೇವಾಡಿಯ ಪಂದ್ಯಕ್ಕೆ ನನ್ನ ಆಫೀಸಿನಿಂದ ಹೋದ ಕನ್ನಡಿಗರೆಲ್ಲ ಬೆಂಗಳೂರಿನ ನೀಲಿ ಜೆರ್ಸಿಯಲ್ಲಿದ್ದೆವು, ನಾನೂ ಸೇರಿ. ಹತ್ತು ವರ್ಷ ಅನ್ನ ಕೊಟ್ಟ ಊರಿನ ತಂಡಕ್ಕೆ ಒಂದು ಚಪ್ಪಾಳೆಯೂ ನಮ್ಮಿಂದ ಸಿಗಲಿಲ್ಲ. ಮುಂದಿನ ವರ್ಷ ಆ ತಂಡ ಇಲ್ಲವಾದಾಗ, ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಳ್ಳದೆ ಶನಿವಾರ ಸಂಜೆ ಮನೆ ಸೇರಬಹುದು ಎಂದು ಅಂದುಕೊಂಡವರೇ ಹೆಚ್ಚು.

ನಾನು ಸಹಿ ಹಾಕಿದ್ದೇನೆ. ತಂಡ ಎಲ್ಲಿಂದಲೇ ಬರಲಿ, ವರ್ಷಕ್ಕೆ ಹತ್ತು ಹನ್ನೆರಡು ಪಂದ್ಯ ಇಲ್ಲಿ ನಡೆದರೆ ಮಕ್ಕಳು ಕಣ್ಣಾರೆ ಆಟ ನೋಡುತ್ತಾರೆ. ಇಲ್ಲದಿದ್ದರೆ ರಾತ್ರಿ ನಿದ್ದೆಗೆಟ್ಟು ಇಂಗ್ಲೆಂಡಿನ ಲೀಗ್ ನೋಡುವ ತಲೆಮಾರಷ್ಟೇ ನಮ್ಮದಾಗುತ್ತದೆ.

ಮಾಟುಂಗಾದ ಹಿರಿಯ

ಇಬ್ಬರ ಬರಹವನ್ನೂ ಓದಿದೆ. ಮುಂಬೈಯವನಾದ ನನಗೆ ಪುಣೆಯ ಮನವಿಪತ್ರದಲ್ಲಿ ಸಹಿಯ ಹಕ್ಕಿಲ್ಲದಿದ್ದರೂ ಕೂಪರೇಜ್ ಮೈದಾನದ ಮರದ ಬೆಂಚಿನ ಮೇಲೆ ಕುಳಿತು ನೋಡಿದ ಪಂದ್ಯಗಳ ಸಲುಗೆಯಿಂದ ಒಂದೆರಡು ಮಾತು ಹೇಳುತ್ತೇನೆ.

2005-06ರಲ್ಲಿ ರಾಷ್ಟ್ರೀಯ ಲೀಗ್ ಗೆದ್ದ ಮಹೀಂದ್ರ ಯುನೈಟೆಡ್ ತಂಡವನ್ನು 2010ರಲ್ಲಿ ಮುಚ್ಚಿದರು. ಚಾಂಪಿಯನ್ ಆಗಿದ್ದ ತಂಡಕ್ಕೂ ನಾಲ್ಕೇ ವರ್ಷದಲ್ಲಿ ಆ ಗತಿ. 2007ರಲ್ಲಿ ಆರಂಭವಾದ ಮುಂಬೈ ಎಫ್‌ಸಿ 2017ರಲ್ಲಿ ಐ-ಲೀಗಿನಿಂದ ಹಿಂಬಡ್ತಿ ಪಡೆದು ಅಲ್ಲಿಗೇ ನಿಂತಿತು. ಹೀಗಾಗಿ ನನ್ನ ಪಾಲಿಗೆ ತಂಡವೆಂದರೆ ಮಾಲೀಕನ ಅಂಗಡಿ. ವ್ಯಾಪಾರ ಇಲ್ಲದ ಬೀದಿಯಲ್ಲಿ ಅಂಗಡಿ ಇಟ್ಟುಕೊಂಡು ಕೂತಿರು ಎಂದು ಯಾರಿಗೂ ಹೇಳಲಾಗದು. ನಮ್ಮವರು ಹೋಟೆಲುಗಳನ್ನು ಫೋರ್ಟಿನಿಂದ ಅಂಧೇರಿಗೆ, ಅಂಧೇರಿಯಿಂದ ಠಾಣೆಗೆ ಒಯ್ದದ್ದು ಗಿರಾಕಿಯ ಹಿಂದೆಯೇ ಅಲ್ಲವೇ?

ಇಷ್ಟು ಹೇಳಿದ ಮೇಲೂ ಇಂಗ್ಲೆಂಡಿನ ವಿಂಬಲ್ಡನ್ ಪ್ರಕರಣವನ್ನು ಎಲ್ಲರೂ ತಿಳಿದಿರಬೇಕು, ಏಕೆಂದರೆ ಅದು ನನ್ನ ಈ ವಾದಕ್ಕೇ ವಿರುದ್ಧವಾಗಿ ನಿಲ್ಲುತ್ತದೆ. 1988ರಲ್ಲಿ ಲಿವರ್‌ಪೂಲ್ ತಂಡವನ್ನು 1-0ಯಿಂದ ಸೋಲಿಸಿ ಎಫ್‌ಎ ಕಪ್ ಗೆದ್ದ ಕ್ಲಬ್ಬು ವಿಂಬಲ್ಡನ್ ಎಫ್‌ಸಿ. 1991ರಲ್ಲಿ ಅದು ಪ್ಲೌ ಲೇನ್ ಎಂಬ ತನ್ನ ಮೈದಾನವನ್ನು ಬಿಟ್ಟು ಇನ್ನೊಂದು ಕ್ಲಬ್ಬಿನ ಮೈದಾನದಲ್ಲಿ ಬಾಡಿಗೆಗೆ ನಿಂತಿತು. 2002ರ ಮೇ ತಿಂಗಳಲ್ಲಿ ಮೂವರು ಸದಸ್ಯರ ಆಯೋಗವೊಂದು ಅದಕ್ಕೆ ಮಿಲ್ಟನ್ ಕೀನ್ಸ್ ಎಂಬ ಹೊಸ ಪಟ್ಟಣಕ್ಕೆ ಹೋಗಲು ಅನುಮತಿ ಕೊಟ್ಟಿತು, 2003ರಲ್ಲಿ ಕ್ಲಬ್ಬು ಹೋಯಿತು. ದೂರ ಸುಮಾರು 90 ಕಿಲೋಮೀಟರ್, ಅಂದರೆ ಪುಣೆಯಿಂದ ಸಾತಾರಾಕ್ಕಿಂತ ಕಡಿಮೆ. ಅಷ್ಟಕ್ಕೇ ಅಲ್ಲಿನ ಅಭಿಮಾನಿಗಳು ತಂಡವನ್ನು ಪೂರಾ ತೊರೆದು, ಅನುಮತಿ ಸಿಕ್ಕ ಕೆಲವೇ ವಾರಗಳಲ್ಲಿ ಎಎಫ್‌ಸಿ ವಿಂಬಲ್ಡನ್ ಎಂಬ ತಮ್ಮದೇ ಕ್ಲಬ್ಬು ಕಟ್ಟಿದರು. ಊರಿನ ಬಯಲಿನಲ್ಲಿ ಆಟಗಾರರ ಆಯ್ಕೆ ಮಾಡಿದರು. ಒಂಬತ್ತನೆಯ ದರ್ಜೆಯಿಂದ ಹೊರಟ ಆ ಕ್ಲಬ್ಬು 2011ರಲ್ಲಿ ಫುಟ್‌ಬಾಲ್ ಲೀಗಿಗೆ ಏರಿತು, 2020ರಲ್ಲಿ ಪ್ಲೌ ಲೇನಿನಲ್ಲಿ ತನ್ನದೇ ಹೊಸ ಕ್ರೀಡಾಂಗಣಕ್ಕೆ ಮರಳಿತು. ಮಿಲ್ಟನ್ ಕೀನ್ಸಿಗೆ ಹೋದವರು ಹಳೆಯ ಟ್ರೋಫಿಗಳನ್ನು 2007ರಲ್ಲಿ ವಿಂಬಲ್ಡನ್ ಇರುವ ಮರ್ಟನ್ ಸ್ಥಳೀಯಾಡಳಿತಕ್ಕೆ ಒಪ್ಪಿಸಿದರು.

ಆ ಜನಕ್ಕೆ ಅಷ್ಟು ಕಸುವು ಬಂದದ್ದು ಕ್ಲಬ್ಬು 1889ರಿಂದ ಅಲ್ಲಿತ್ತು ಎಂಬ ಕಾರಣಕ್ಕೆ. ಪುಣೆಯಲ್ಲಿ ಐದು ವರ್ಷ ಇದ್ದು ಹೋದ ತಂಡಕ್ಕಾಗಿ ಯಾರು ಬೀದಿಗೆ ಇಳಿಯುತ್ತಾರೆ?

ಚಿಂಚ್‌ವಡ್ ಗೃಹಿಣಿ

ಹಿರಿಯರಾದ ತಮ್ಮ ಕೊನೆಯ ಪ್ರಶ್ನೆಗೆ ನನ್ನ ಬಳಿ ಒಂದು ಉತ್ತರವಿದೆ. ಬೀದಿಗೆ ಇಳಿದವರು ಇರಲಿಲ್ಲವಾದರೂ ಬೀದಿಗೆ ಬಿದ್ದವರು ಇದ್ದರು.

ನನ್ನ ಮಗ ನಗರದ ಒಂದು ಕ್ಲಬ್ಬಿನ ಕಿರಿಯರ ತಂಡದಲ್ಲಿ ಆಡುತ್ತಿದ್ದ. ಯಾವ ಕ್ಲಬ್ಬು ಎಂಬುದು ಇಲ್ಲಿ ಬೇಡ. ಜೂನ್‌ನಲ್ಲಿ ಶಾಲೆಯ ಜೊತೆಗೇ ಅಭ್ಯಾಸ ಆರಂಭವಾಗುತ್ತದೆಂದು ಹೇಳಿದ್ದರು, ಆರಂಭವಾಗಲಿಲ್ಲ. ತರಬೇತುದಾರರಿಗೆ ಫೋನ್ ಮಾಡಿದರೆ ತಮಗೂ ಏನೂ ತಿಳಿಸಿಲ್ಲ, ಸಂಬಳವೂ ಬಂದಿಲ್ಲ ಎಂದು ಸಂಕೋಚದಿಂದ ಹೇಳಿದರು. ಒಂದು ದಿನ ನಾನೇ ಮೈದಾನದವರೆಗೆ ಹೋಗಿ ನೋಡಿದೆ. ಸಾಮಾನಿನ ಕೋಣೆಗೆ ಬೀಗ ಹಾಕಿತ್ತು. ಜಾಲರಿಯ ಕಿಟಕಿಯಿಂದ ಒಳಗೆ ಇಣುಕಿದರೆ ಕಿತ್ತಳೆ ಬಣ್ಣದ ಕೋನುಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿದ್ದರು, ಬಲೆಯ ಚೀಲದಲ್ಲಿ ಗಾಳಿ ಇಳಿದ ಚೆಂಡುಗಳಿದ್ದವು, ಗೋಡೆಯ ಮೇಲೆ ಹುಡುಗರ ಹೆಸರು, ಎತ್ತರ, ತೂಕ ಬರೆದ ಪಟ್ಟಿ ಇನ್ನೂ ಅಂಟಿಕೊಂಡಿತ್ತು. ಕಾವಲುಗಾರ ಮಾತ್ರ ತಂಬಾಕು ತಿಕ್ಕುತ್ತ, “ಆತಾ ಇಥೇ ಕೋಣೀ ಯೇತ್ ನಾಹೀ” ಎಂದ. ಈಗ ಇಲ್ಲಿಗೆ ಯಾರೂ ಬರುವುದಿಲ್ಲವಂತೆ.

ನಿಜವಾದ ತೊಂದರೆ ಆಮೇಲೆ ಶುರುವಾಯಿತು. ಮಗನನ್ನು ಸೇರಿಸಿಕೊಳ್ಳಲು ಇನ್ನೊಂದು ಕ್ಲಬ್ಬು ಒಪ್ಪಿತು, ಆದರೆ ಹಳೆಯ ಕ್ಲಬ್ಬಿನ ಬಿಡುಗಡೆ ಪತ್ರ ತನ್ನಿ ಎಂದಿತು. ಪತ್ರಕ್ಕೆ ಸಹಿ ಹಾಕಬೇಕಾದ ಆಫೀಸೇ ಇಲ್ಲ! ಇಮೇಲಿಗೆ ಉತ್ತರವಿಲ್ಲ, ಫೋನು ಎತ್ತುವವರಿಲ್ಲ. ಎಲ್ಲ ಸರಿಯಾಗುವ ಹೊತ್ತಿಗೆ ಆ ವರ್ಷದ ಕಿರಿಯರ ಲೀಗ್ ಮುಗಿದುಹೋಗಿತ್ತು. ಆ ವಯಸ್ಸಿನ ಹುಡುಗರಿಗೆ ಒಂದು ವರ್ಷ ಎಂದರೆ ಏನೆಂಬುದು ಆಟ ಬಲ್ಲವರಿಗೆ ಗೊತ್ತು. ಹಿರಿಯ ಆಟಗಾರರಿಗೆ ಏಜೆಂಟರಿದ್ದರು, ಹೊಸ ಊರಿನ ವಿಮಾನದ ಟಿಕೆಟ್ ಬಂತು. ಹದಿಮೂರರ ಹುಡುಗರನ್ನು ಯಾವ ಊರಿಗೂ ಯಾರೂ ಸ್ಥಳಾಂತರಿಸಲಿಲ್ಲ.

ತಂಡ ಬರಲಿ, ನನ್ನ ವಿರೋಧವೇನಿಲ್ಲ. ಬರುವ ತಂಡ ನಮ್ಮ ಮಕ್ಕಳನ್ನು ಮುಟ್ಟುವ ಮೊದಲು, ತಾನು ಹೋಗುವ ದಿನ ಅವರ ಗತಿ ಏನೆಂದು ಬರೆದುಕೊಡಲಿ.

ವಾಸ್ಕೋ ವಾಸಿ

ತಾಯಿಯವರ ಮಾತಿಗೆ ಗೋವಾದಿಂದ ಒಂದು ಪೂರಕ ಸಂಗತಿ. ಇಲ್ಲಿ ನಡೆದದ್ದು ಪುಣೆಗೆ ಪೂರ್ತಿ ತಿರುವುಮುರುವು. 2016ರಲ್ಲಿ ಸೂಪರ್ ಲೀಗನ್ನು ದೇಶದ ಮೊದಲ ದರ್ಜೆಯ ಲೀಗ್ ಮಾಡುವ ಯೋಜನೆಯನ್ನು ಪ್ರತಿಭಟಿಸಿ ಡೆಂಪೊ, ಸಾಲ್ಗಾಂವ್‌ಕರ್ ಮತ್ತು ಸ್ಪೋರ್ಟಿಂಗ್ ಕ್ಲಬ್ ಡಿ ಗೋವಾ ಮೂರೂ ಐ-ಲೀಗಿನಿಂದ ಹೊರಬಂದವು. ಡೆಂಪೊ ಎಂದರೆ ಐದು ಬಾರಿ ರಾಷ್ಟ್ರೀಯ ಪ್ರಶಸ್ತಿ ಗೆದ್ದ ತಂಡ. ಆದರೂ ಅವರು ರಾಷ್ಟ್ರೀಯ ಲೀಗಿನ ಸ್ಥಾನ ಬಿಟ್ಟರೇ ಹೊರತು ಊರು ಬಿಡಲಿಲ್ಲ. ಗೋವಾದ ಲೀಗಿನಲ್ಲಿ ಆಡಿದರು, ಕಿರಿಯರ ತಂಡಗಳನ್ನು ಉಳಿಸಿಕೊಂಡರು. ಡೆಂಪೊ 2024-25ರಲ್ಲಿ ಐ-ಲೀಗಿಗೆ ಮರಳಿಯೂ ಬಂತು. ನಮ್ಮ ವಾಸ್ಕೋದ ಕೂಲಿ ಕೇರಿಗಳಲ್ಲಿ ಬೆಳೆದ, ಮನೆಯಲ್ಲಿ ಗದಗ ಬಾಗಲಕೋಟೆಯ ಕನ್ನಡವನ್ನೂ ಬೀದಿಯಲ್ಲಿ ಕೊಂಕಣಿಯನ್ನೂ ಆಡುವ ಹುಡುಗರಿಗೆ ಆಡಲು ಕ್ಲಬ್ಬು ಇಲ್ಲ ಎಂಬ ಪರಿಸ್ಥಿತಿ ಆಗಲೂ ಬರಲಿಲ್ಲ.

ಇನ್ನು ಪುಣೆಯ ಸ್ಥಾನದಲ್ಲಿ ಬಂದ ಹೈದರಾಬಾದಿನ ಕಥೆಯ ಒಂದು ಭಾಗ ನಮ್ಮ ಗೋವಾದ ಫಾತೋರ್ಡಾ ಕ್ರೀಡಾಂಗಣದಲ್ಲೇ ನಡೆದಿದೆ. ಕೋವಿಡ್‌ನಿಂದಾಗಿ 2021-22ರ ಇಡೀ ಲೀಗ್ ಗೋವಾದಲ್ಲಿ, ಖಾಲಿ ಗ್ಯಾಲರಿಗಳ ಮುಂದೆ ನಡೆಯಿತು. 2022ರ ಮಾರ್ಚ್ 20ರ ಫೈನಲ್‌ಗೆ ಮಾತ್ರ ಜನರನ್ನು ಬಿಟ್ಟರು. ಫಾತೋರ್ಡಾ ಹಳದಿಯಿಂದ ತುಂಬಿಹೋಗಿತ್ತು. ಅಷ್ಟೂ ಜನ ಕೇರಳ ಬ್ಲಾಸ್ಟರ್ಸ್ ಅಭಿಮಾನಿಗಳು. ಆದರೆ ಮೈದಾನದಲ್ಲಿ ಹಳದಿ ತೊಟ್ಟು ಆಡುತ್ತಿದ್ದದ್ದು ಹೈದರಾಬಾದ್, ಏಕೆಂದರೆ ಅವರ ಬಣ್ಣವೂ ಅದೇ! ಪಂದ್ಯ 1-1ರಲ್ಲಿ ಸಮವಾಗಿ, ಪೆನಾಲ್ಟಿಯಲ್ಲಿ ಹೈದರಾಬಾದ್ 3-1ರಿಂದ ಗೆದ್ದಿತು. ಮೂರು ಪೆನಾಲ್ಟಿಗಳನ್ನು ತಡೆದ ಗೋಲ್‌ಕೀಪರ್ ನಮ್ಮ ಗೋವಾದ ಲಕ್ಷ್ಮೀಕಾಂತ್ ಕಟ್ಟೀಮನಿ. ಆ ಹೆಸರು ಕೇಳಿ ನಮ್ಮ ಕೇರಿಯಲ್ಲಿ ಎಷ್ಟು ಸಂಭ್ರಮವಾಯಿತೆಂಬುದನ್ನು ಬೇರೆ ಹೇಳಬೇಕಿಲ್ಲ. ಮುಂಬೈಯಲ್ಲಿ ಹುಟ್ಟಿ, ಪುಣೆ ಸಿಟಿಗೆ ಆಡಿ, ತಂಡ ಮುಚ್ಚಿದಾಗ ಹೈದರಾಬಾದಿಗೆ ಹೋದ ನಿಖಿಲ್ ಪೂಜಾರಿಯೂ ಆ ಬಳಗದಲ್ಲಿದ್ದರು. ಒಟ್ಟಿನಲ್ಲಿ ಪ್ರಶಸ್ತಿ ಹೈದರಾಬಾದಿನದು, ಆದರೆ ಆ ಋತುವಿನ ಒಂದು ಪಂದ್ಯವನ್ನೂ ಹೈದರಾಬಾದಿನ ಜನ ತಮ್ಮೂರಿನಲ್ಲಿ ನೋಡಲಿಲ್ಲ. ಎರಡು ವರ್ಷ ಕಳೆಯುವಷ್ಟರಲ್ಲಿ ಆ ತಂಡ ದುಡ್ಡಿನ ತೊಂದರೆಯಿಂದ ಪಟ್ಟಿಯ ತಳದಲ್ಲಿತ್ತು. ಗೆದ್ದರೆ ಬೇರು ಇಳಿಯುತ್ತದೆ ಎನ್ನುವವರು ಇದನ್ನು ಸ್ವಲ್ಪ ಯೋಚಿಸಬೇಕು.

ನಿಪ್ಪಾಣಿಯವ, ಈಗ ಭೋಸರಿ

ಬೇರು ಎಂದಾಗ ನಮ್ಮ ಕಡೆಯ ಕೊಲ್ಹಾಪುರವನ್ನು ಯಾರೂ ನೆನೆಯದಿದ್ದದ್ದು ಆಶ್ಚರ್ಯ. ಪಾಟಾಕಡೀಲ ತಾಲೀಮ್, ಖಂಡೋಬಾ ತಾಲೀಮ್, ದಿಲ್‌ಬಹಾರ್ ತಾಲೀಮ್, ಶಿವಾಜಿ ತರುಣ ಮಂಡಳ: ಇವೆಲ್ಲ ಗರಡಿ ಮತ್ತು ಪೇಟೆಗಳಿಂದ ಹುಟ್ಟಿದ ತಂಡಗಳು. ರಾಜರ್ಷಿ ಶಾಹು ಕ್ರೀಡಾಂಗಣದಲ್ಲಿ ಇವುಗಳ ಪಂದ್ಯವಿದ್ದರೆ ಪೇಟೆಯ ಅಂಗಡಿಗಳು ಬೇಗ ಮುಚ್ಚುತ್ತವೆ. ನಾವು ನಿಪ್ಪಾಣಿಯಿಂದ ಮೋಟರ್ ಸೈಕಲ್ ಮೇಲೆ ಮೂವರು ಮೂವರಾಗಿ ಹೋಗುತ್ತಿದ್ದೆವು. 2017ರ ಹದಿನೇಳು ವರ್ಷದೊಳಗಿನವರ ವಿಶ್ವಕಪ್ಪಿನಲ್ಲಿ ಭಾರತಕ್ಕೆ ಆಡಿದ ಅನಿಕೇತ್ ಜಾಧವ್ ಆ ಊರಿನವರು. ಪಾಟಾಕಡೀಲ ತಾಲೀಮನ್ನು ನಾಗಪುರಕ್ಕೆ ಒಯ್ಯುತ್ತೇವೆಂದು ಯಾರಾದರೂ ಹೇಳಿದರೆ ಅವರು ರಂಕಾಳಾ ಕೆರೆ ದಾಟಿ ಹೋಗುವುದು ಕಷ್ಟ.

ಹಾಗೆಂದು ಕೊಲ್ಹಾಪುರವನ್ನು ಹಾಡಿ ಹೊಗಳುವುದೂ ನನ್ನ ಉದ್ದೇಶವಲ್ಲ. ಅಷ್ಟು ಪ್ರೀತಿಯಿದ್ದರೂ ಅಲ್ಲಿಂದ ಒಂದು ತಂಡವೂ ಸೂಪರ್ ಲೀಗಿಗೆ ಏರಿಲ್ಲ. ಅಲ್ಲಿ ಜನರಿದ್ದಾರೆ, ದುಡ್ಡಿಲ್ಲ. ಪುಣೆಯಲ್ಲಿ ದುಡ್ಡಿದೆ, ಜನರಿಲ್ಲ. ಆದರೆ ಈಗ ಮೇಲೇರುವ ಬಾಗಿಲು ತೆರೆದಿದೆ ಎಂಬುದನ್ನು ಮನವಿಪತ್ರ ಬರೆದವರು ಮರೆತಂತಿದೆ. ಸೂಪರ್ ಲೀಗಿನ ಕೆಳಗಿನ ದರ್ಜೆಯಾದ ಐ-ಲೀಗನ್ನು 2022-23ರಲ್ಲಿ ಗೆದ್ದ ಪಂಜಾಬ್ ತಂಡವೂ 2023-24ರಲ್ಲಿ ಗೆದ್ದ ಮೊಹಮ್ಮಡನ್ ಸ್ಪೋರ್ಟಿಂಗ್ ತಂಡವೂ ಬಡ್ತಿಯಿಂದಲೇ ಸೂಪರ್ ಲೀಗಿಗೆ ಬಂದವು. ಇನ್ನೊಬ್ಬರ ತಂಡ ಕೀಳದೆಯೂ ಪುಣೆ ಅಲ್ಲಿಗೆ ಹೋಗಬಹುದು. ತಡವಾಗುತ್ತದೆ, ನಿಜ.

ಮೇಲಿನ ಹಿರಿಯರು ಹೋಟೆಲಿನ ಮಾತು ಹೇಳಿದರು. ಹೋಟೆಲು ಠಾಣೆಗೆ ಹೋದರೆ ಫೋರ್ಟಿನವನು ಪಕ್ಕದ ಹೋಟೆಲಿನಲ್ಲಿ ಇಡ್ಲಿ ತಿನ್ನುತ್ತಾನೆ. ತಂಡ ಹೋದರೆ ಪಕ್ಕದ ತಂಡವನ್ನು ಯಾರೂ ಹಿಡಿಯುವುದಿಲ್ಲ ಎಂಬುದಷ್ಟೇ ನನ್ನ ವಿನಮ್ರ ತಕರಾರು.

ಔಂಧ್ ನಿವಾಸಿ

ಎಲ್ಲರಿಗೂ ಕೃತಜ್ಞತೆಗಳು. ಹಿಂಜವಡಿಯ ಗೆಳೆಯರ ತಿದ್ದುಪಡಿ ಸರಿಯಾಗಿದೆ. ಅದನ್ನೇ ಹಿಡಿದು ಮುಂದುವರಿಯುತ್ತೇನೆ.

2019ರ ಡಿಸೆಂಬರ್‌ನಲ್ಲಿ ಬಾಲೇವಾಡಿಯಲ್ಲಿ ನಡೆದ ಒಂದು ಪಂದ್ಯ ಎಷ್ಟು ಜನಕ್ಕೆ ನೆನಪಿದೆಯೋ ಕಾಣೆ. ಭುವನೇಶ್ವರದ ಕಳಿಂಗ ಕ್ರೀಡಾಂಗಣದಲ್ಲಿ ಕೆಲಸ ನಡೆಯುತ್ತಿದ್ದ ಕಾರಣ ಒಡಿಶಾ ಎಫ್‌ಸಿ ತನ್ನ ಮೊದಲ ಕೆಲವು ತವರು ಪಂದ್ಯಗಳನ್ನು ಪುಣೆಯಲ್ಲಿ ಆಡಿತು. ಅವುಗಳಲ್ಲಿ ಒಂದು ಹೈದರಾಬಾದ್ ವಿರುದ್ಧ. ದೆಹಲಿ ಬಿಟ್ಟುಬಂದ ತಂಡಕ್ಕೆ ಅದು ತವರು ಪಂದ್ಯ. ಪುಣೆಯ ಸ್ಥಾನ ಪಡೆದು, ಪುಣೆಯ ಆಟಗಾರರನ್ನು ಕಟ್ಟಿಕೊಂಡು ಬಂದ ತಂಡ ಅಲ್ಲಿ ಅತಿಥಿ. ನಾನು ಹೋಗಿದ್ದೆ. ಆಟ ಕಳಪೆಯೇನಲ್ಲ, ಒಡಿಶಾ 3-2ರಿಂದ ಗೆದ್ದಿತು. ಆದರೆ ಐದು ಗೋಲು ಬಿದ್ದರೂ ಎದ್ದು ಕುಣಿದವರು ಕಡಿಮೆ. ನನ್ನ ಮುಂದಿನ ಸಾಲಿನಲ್ಲಿ ಹಳೆಯ ಪುಣೆ ಸಿಟಿಯ ಕಿತ್ತಳೆ ಜೆರ್ಸಿ ತೊಟ್ಟ ಇಬ್ಬರಿದ್ದರು. ಹೈದರಾಬಾದ್ ಆಟಗಾರರೊಬ್ಬರು ಅಂಚಿನ ಗೆರೆಯ ಬಳಿ ಬಂದಾಗ ಹಳೆಯ ಅಭ್ಯಾಸದಿಂದ ಅವರ ಹೆಸರು ಕೂಗಿದರು, ಮರುಕ್ಷಣ ಒಡಿಶಾ ಚೆಂಡು ಕಿತ್ತುಕೊಂಡಾಗ ಅದಕ್ಕೂ ಚಪ್ಪಾಳೆ ತಟ್ಟಿದರು. ಓಟದ ಪಥದಾಚೆ, ಅಷ್ಟು ದೂರದಲ್ಲಿದ್ದ ಆಟಗಾರನಿಗೆ ಅದು ಕೇಳಿಸಿರಲಾರದು. 1994ರ ರಾಷ್ಟ್ರೀಯ ಕ್ರೀಡಾಕೂಟಕ್ಕೆಂದು ಕಟ್ಟಿದ ಆ ಸಂಕೀರ್ಣ ಫುಟ್‌ಬಾಲಿಗೆ ಹೇಳಿಸಿದ್ದಲ್ಲ ಎಂಬುದು ಬೇರೆ ಮಾತು, ಅದನ್ನು ಹಿಡಿದರೆ ಈ ಚರ್ಚೆ ಬೇರೆ ದಾರಿ ಹಿಡಿಯುತ್ತದೆ.

ಲೀಗಿನ ಸ್ಥಾನ ಮಾಲೀಕನ ಆಸ್ತಿ, ಅದನ್ನು ಅವನು ಒಯ್ಯಬಹುದು ಎಂಬುದನ್ನು ನಾನು ಒಪ್ಪಿಕೊಂಡಾಯಿತು. ಚಿಂಚ್‌ವಡ್‌ನ ಅಮ್ಮ ಬರೆದದ್ದನ್ನು ಓದಿದ ಮೇಲೆ ನನಗೆ ಅನ್ನಿಸುತ್ತಿರುವುದು ಇಷ್ಟು: ಸ್ಥಾನದ ಜೊತೆಗೆ ಏನೇನು ಹೋಗಬಾರದು ಎಂಬುದನ್ನು ನಾವು ತಂಡ ಬರುವ ಮೊದಲೇ ಬರೆಯಿಸಿಕೊಳ್ಳಬೇಕು. ಬಂದ ಮೇಲೆ ಯಾವ ಮಾಲೀಕನೂ ಸಹಿ ಹಾಕುವುದಿಲ್ಲ.

ಇದಕ್ಕೆ ಅಮೆರಿಕದಲ್ಲಿ ಮೇಲ್ಪಂಕ್ತಿ ಇದೆ. ಅಲ್ಲಿ ತಂಡಗಳ ಸ್ಥಳಾಂತರ ನಿತ್ಯದ ವಿಷಯ, ಹಾಗಾಗಿ ಅದರ ವಿರುದ್ಧದ ಉಪಾಯಗಳನ್ನೂ ಅವರೇ ಕಂಡುಕೊಂಡಿದ್ದಾರೆ. ಕ್ಲೀವ್‌ಲ್ಯಾಂಡಿನ ಬ್ರೌನ್ಸ್ ತಂಡ, ಅದು ಅವರ ಬಗೆಯ ಫುಟ್‌ಬಾಲ್, 1996ರಲ್ಲಿ ಬಾಲ್ಟಿಮೋರಿಗೆ ಹೋದಾಗ ಹೆಸರು, ಬಣ್ಣ, ದಾಖಲೆಗಳು ಕ್ಲೀವ್‌ಲ್ಯಾಂಡಿನಲ್ಲೇ ಉಳಿಯಬೇಕೆಂದು ಒಪ್ಪಂದವಾಯಿತು. 1999ರಲ್ಲಿ ಅದೇ ಹೆಸರಿನಲ್ಲಿ ಅಲ್ಲಿ ತಂಡ ಮತ್ತೆ ಹುಟ್ಟಿತು. ಆ ಪೆಟ್ಟಿನ ನಂತರ ಒಹಾಯೊ ರಾಜ್ಯ ಒಂದು ಕಾನೂನನ್ನೇ ಮಾಡಿತು. ಸಾರ್ವಜನಿಕ ಹಣದ ನೆರವು ಪಡೆದ ಕ್ರೀಡಾಂಗಣದಲ್ಲಿ ಆಡುವ ತಂಡ ಊರು ಬಿಡಬೇಕಾದರೆ ಆರು ತಿಂಗಳ ಮುಂಚಿತ ನೋಟಿಸು ಕೊಡಬೇಕು, ಆ ಅವಧಿಯಲ್ಲಿ ಸ್ಥಳೀಯರಿಗೆ ತಂಡವನ್ನು ಕೊಳ್ಳುವ ಅವಕಾಶ ಕೊಡಬೇಕು. 2017ರಲ್ಲಿ ಕೊಲಂಬಸ್ ಕ್ರ್ಯೂ ಎಂಬ ನಮ್ಮ ಬಗೆಯ ಫುಟ್‌ಬಾಲ್ ತಂಡವನ್ನು ಟೆಕ್ಸಸ್‌ನ ಆಸ್ಟಿನ್‌ಗೆ ಒಯ್ಯಲು ಮಾಲೀಕರು ಹೊರಟಾಗ ಅಭಿಮಾನಿಗಳು ಹೋರಾಟ ಹೂಡಿದರು, ರಾಜ್ಯ ಸರ್ಕಾರ ಇದೇ ಕಾನೂನನ್ನು ಹಿಡಿದು ನ್ಯಾಯಾಲಯಕ್ಕೆ ಹೋಯಿತು. ಸ್ಥಳೀಯ ಕೊಳ್ಳುವವರು ಸಿಕ್ಕಿದರು, ತಂಡ ಉಳಿಯಿತು, 2020ರಲ್ಲಿ ಚಾಂಪಿಯನ್ ಕೂಡ ಆಯಿತು. ಆಸ್ಟಿನ್ 2021ರಿಂದ ತನ್ನದೇ ಹೊಸ ತಂಡ ಕಟ್ಟಿಕೊಂಡು ಆಡುತ್ತಿದೆ.

ಬಾಲೇವಾಡಿ ಮಹಾರಾಷ್ಟ್ರ ಸರ್ಕಾರದ ಕ್ರೀಡಾಂಗಣ. ರಿಯಾಯಿತಿ ಬಾಡಿಗೆ ಎಂದರೆ ಸಾರ್ವಜನಿಕ ಹಣವೇ. ಕಾನೂನು ಬೇಡ, ಬಾಡಿಗೆ ಕರಾರಿನಲ್ಲೇ ಈ ಷರತ್ತುಗಳನ್ನು ಸೇರಿಸಬಹುದು. ಮನವಿಪತ್ರ ಅದನ್ನು ಕೇಳುವುದಾದರೆ ಮೊದಲ ಸಹಿ ನನ್ನದು.

ಹಿಂಜವಡಿ ನೀಲಿ

ಸರ್, ನಿಮ್ಮ ವಾದ ಕೇಳಲು ಚೆನ್ನಾಗಿದೆ, ಆದರೆ ವ್ಯವಹಾರದ ಕಣ್ಣಿನಿಂದಲೂ ನೋಡಬೇಕಲ್ಲ. ಭಾರತದಲ್ಲಿ ಫುಟ್‌ಬಾಲ್ ತಂಡ ನಡೆಸುವವರಲ್ಲಿ ಹೆಚ್ಚಿನವರು ವರ್ಷ ವರ್ಷವೂ ಕೋಟಿಗಟ್ಟಲೆ ಕಳೆದುಕೊಳ್ಳುತ್ತಾರೆ. ಅಂಥವರ ಮುಂದೆ ನೋಟಿಸು, ಮಕ್ಕಳ ಹೊಣೆ ಎಂದು ಪಟ್ಟಿ ಇಟ್ಟರೆ ಅವರು ನಮಗಿಂತ ಕಡಿಮೆ ಕೇಳುವ ಊರಿಗೆ ಹೋಗುತ್ತಾರೆ. ಒಡಿಶಾ ಸರ್ಕಾರ ಕ್ರೀಡೆಗೆ ಮನಸ್ಸು ಬಿಚ್ಚಿ ಹಣ ಹಾಕುವ ಸರ್ಕಾರ, ಡೆಲ್ಲಿ ಡೈನಮೋಸ್ ಅಲ್ಲಿಗೆ ಹೋದದ್ದು ಆಕಸ್ಮಿಕವಲ್ಲ. ಪಂಜಾಬ್ ಎಫ್‌ಸಿಯಂಥ ತಂಡವೂ ಸೂಪರ್ ಲೀಗಿಗೆ ಬಂದ ಮೇಲೆ ತವರು ಪಂದ್ಯಗಳನ್ನು ದೆಹಲಿಯಲ್ಲಿ ಆಡಬೇಕಾಯಿತು. ಮೈದಾನ ಇರುವ ಊರುಗಳೇ ಕಡಿಮೆ ಇರುವಾಗ ಪುಣೆಗೆ ಚೌಕಾಸಿ ಮಾಡುವ ಶಕ್ತಿ ಸ್ವಲ್ಪ ಇದೆ, ಒಪ್ಪುತ್ತೇನೆ. ಬಹಳ ಇದೆ ಎಂದುಕೊಂಡರೆ ಕೈಗೆ ಬಂದದ್ದೂ ಜಾರಬಹುದು.

ಹೆಸರು ಮತ್ತು ದಾಖಲೆಯ ಷರತ್ತು ಮಾತ್ರ ಮಾಲೀಕನಿಗೆ ಖರ್ಚಿಲ್ಲದ್ದು. ಅದನ್ನು ಕೇಳಬಹುದು.

ಮಾಟುಂಗಾದ ಹಿರಿಯ

ಆ ಖರ್ಚಿಲ್ಲದ ಷರತ್ತೇ ಅಮೆರಿಕದ ಸ್ಯಾನ್ ಹೋಸೆಯಲ್ಲಿ ಕೆಲಸಕ್ಕೆ ಬಂದದ್ದು. 2005ರ ಕೊನೆಯಲ್ಲಿ ಅಲ್ಲಿನ ಅರ್ತ್‌ಕ್ವೇಕ್ಸ್ ತಂಡದ ಆಟಗಾರರನ್ನೂ ಸಿಬ್ಬಂದಿಯನ್ನೂ ಹ್ಯೂಸ್ಟನ್ನಿಗೆ ಕರೆದೊಯ್ದರು. ಹೆಸರು, ಬಣ್ಣ, ಗೆದ್ದ ಪ್ರಶಸ್ತಿಗಳ ದಾಖಲೆಯನ್ನು ಊರಿಗೇ ಬಿಟ್ಟರು. 2008ರಲ್ಲಿ ಹೊಸ ಮಾಲೀಕರು ಬಂದಾಗ ಅವರಿಗೆ ಸೊನ್ನೆಯಿಂದ ಶುರು ಮಾಡಬೇಕಾಗಿ ಬರಲಿಲ್ಲ. ಕೊರಿಯಾದ ಅನ್ಯಾಂಗ್‌ನವರಿಗೆ ಈ ಭಾಗ್ಯ ಇರಲಿಲ್ಲ. 2004ರಲ್ಲಿ ಅವರ ತಂಡ ಹೋಗಿ ಎಫ್‌ಸಿ ಸಿಯೋಲ್ ಆಯಿತು. 2013ರಲ್ಲಿ ಎರಡನೆಯ ದರ್ಜೆಯಿಂದ ಹೊಸ ಕ್ಲಬ್ಬು ಆಡತೊಡಗಿತು, 2025ರಲ್ಲಿ ಮೊದಲ ದರ್ಜೆಗೆ ಏರಿ ಅದೇ ಸಿಯೋಲ್ ತಂಡವನ್ನು ಸರಿಸಮನಾಗಿ ಎದುರಿಸಿತು. ಇಪ್ಪತ್ತೊಂದು ವರ್ಷ! ಅಷ್ಟು ತಾಳ್ಮೆ ನಮ್ಮವರಿಗಿದೆಯೇ ಎಂಬ ಅನುಮಾನ ನನಗಂತೂ ಇದೆ.

ನಿಪ್ಪಾಣಿಯವರು ಇಡ್ಲಿಯ ಮಾತಿನಲ್ಲಿ ನನ್ನನ್ನು ಸರಿಯಾಗಿಯೇ ಹಿಡಿದರು. ಆದರೂ ಅಂಗಡಿ ಎತ್ತುವ ಹಕ್ಕು ಮಾಲೀಕನದೇ ಎಂಬ ನನ್ನ ಮಾತು ಹಾಗೆಯೇ ನಿಂತಿದೆ. ಎತ್ತುವ ಮೊದಲು ಕೆಲಸದವರ ಲೆಕ್ಕ ಚುಕ್ತಾ ಮಾಡಬೇಕು ಎಂಬುದನ್ನು ನಮ್ಮ ಹೋಟೆಲಿನವರೂ ಒಪ್ಪುತ್ತಾರೆ.

ಚಿಂಚ್‌ವಡ್ ಗೃಹಿಣಿ

ಹಾಗಾದರೆ ಆ ಲೆಕ್ಕವನ್ನು ಸ್ಪಷ್ಟವಾಗಿ ಬರೆಯೋಣ. ನನ್ನ ಬೇಡಿಕೆ ದೊಡ್ಡದೇನಲ್ಲ. ಹಿರಿಯರ ತಂಡ ಊರು ಬಿಟ್ಟರೂ ಕಿರಿಯರ ತಂಡಗಳು ಆ ವರ್ಷದ ಲೀಗ್ ಮುಗಿಯುವವರೆಗೆ ಇಲ್ಲೇ ನಡೆಯಬೇಕು, ಅದಕ್ಕೆ ತಗಲುವ ಹಣವನ್ನು ಮಾಲೀಕರು ಮೊದಲೇ ಠೇವಣಿ ಇಟ್ಟಿರಬೇಕು. ಕ್ಲಬ್ಬು ಮುಚ್ಚಿದರೆ ನೋಂದಾಯಿತ ಮಕ್ಕಳೆಲ್ಲರ ಬಿಡುಗಡೆ ಪತ್ರಕ್ಕೆ ರಾಜ್ಯ ಫುಟ್‌ಬಾಲ್ ಸಂಸ್ಥೆಯೇ ಸಹಿ ಹಾಕುವಂತಿರಬೇಕು. ಹಿಂಜವಡಿಯ ತಮ್ಮಂದಿರು ಹೇಳುವಂತೆ ಇಷ್ಟಕ್ಕೇ ಒಬ್ಬ ಮಾಲೀಕ ಹಿಂದೆ ಸರಿಯುವುದಾದರೆ, ಅವನು ಹಿಂದೆ ಸರಿಯುವುದೇ ಒಳ್ಳೆಯದು.

ಹಿಂಜವಡಿ ನೀಲಿ

ಅಕ್ಕ, ಬಿಡುಗಡೆ ಪತ್ರದ ಷರತ್ತಿಗೆ ನನ್ನ ಪೂರ್ಣ ಒಪ್ಪಿಗೆ. ಠೇವಣಿಯ ಮೊತ್ತದ ಬಗ್ಗೆ ನನ್ನ ತಕರಾರು ಉಳಿದಿದೆ. ಒಂದು ವರ್ಷದ ಪೂರ್ತಿ ಖರ್ಚಿನ ಬದಲು ಆರು ತಿಂಗಳದ್ದಾಗಲಿ, ಔಂಧ್ ಸರ್ ಹೇಳಿದ ನೋಟಿಸಿನ ಅವಧಿಗೂ ಅದು ಹೊಂದುತ್ತದೆ. ಹಳೆಯ ಪತ್ರದಲ್ಲಿರುವ ನನ್ನ ಸಹಿಯನ್ನು ಹಿಂತೆಗೆದುಕೊಳ್ಳುವುದಿಲ್ಲ, ಹೊಸದರಲ್ಲಿಯೂ ಹಾಕುತ್ತೇನೆ.

ಔಂಧ್ ನಿವಾಸಿ

ಆರು ತಿಂಗಳ ನೋಟಿಸು, ಆರು ತಿಂಗಳ ಠೇವಣಿ, ಬಿಡುಗಡೆ ಪತ್ರ, ಹೆಸರು ಮತ್ತು ದಾಖಲೆ ಪುಣೆಯದೇ ಎಂಬ ಸಾಲು. ಇವಿಷ್ಟನ್ನು ಸೇರಿಸಿ ಹೊಸ ಕರಡನ್ನು ಈ ವಾರ ಸಿದ್ಧಪಡಿಸುತ್ತೇನೆ. ಐ-ಲೀಗಿನ ಬಡ್ತಿಯ ದಾರಿಯ ಬಗ್ಗೆ ನಿಪ್ಪಾಣಿಯವರು ಒಂದು ಪ್ಯಾರಾ ಬರೆದುಕೊಟ್ಟರೆ, ಬೇರೆ ಊರಿನ ತಂಡ ತರಿಸುವುದೊಂದೇ ಉಪಾಯವೆಂಬ ಧಾಟಿಯನ್ನು ಪತ್ರದಿಂದ ತೆಗೆಯಬಹುದು. ಕ್ರೀಡಾ ಇಲಾಖೆಗೆ ಪತ್ರ ಮರಾಠಿಯಲ್ಲೇ ಹೋಗಬೇಕು. ನನ್ನ ಮರಾಠಿ ತರಕಾರಿ ಮಂಡಿಗೆ ಸಾಕು, ಸರ್ಕಾರಿ ಕರಾರಿಗೆ ಸಾಲದು.

ನಿಪ್ಪಾಣಿಯವ, ಈಗ ಭೋಸರಿ

ಪ್ಯಾರಾ ನಾಳೆ ರಾತ್ರಿಯೊಳಗೆ ಕಳಿಸುತ್ತೇನೆ. ಮರಾಠಿಯ ಚಿಂತೆ ಬಿಡಿ. ನಾನು ಏಳನೆಯ ಇಯತ್ತೆಯವರೆಗೆ ಓದಿದ್ದೇ ಮರಾಠಿ ಶಾಲೆಯಲ್ಲಿ, ಮನೆಯವರು ಇಲ್ಲಿನ ಪಾಲಿಕೆ ಶಾಲೆಯಲ್ಲಿ ಅದನ್ನೇ ಕಲಿಸುತ್ತಾರೆ. ಠೇವಣಿಯ ಷರತ್ತನ್ನು ಪತ್ರದ ಕೊನೆಗೆ ಹಾಕಬೇಡಿ, ಬಾಡಿಗೆಯ ಮಾತು ಬರುವ ಸಾಲಿನ ಜೊತೆಗೇ ಇಡಿ. ಕೊನೆಯ ಪುಟವನ್ನು ಆಫೀಸಿನಲ್ಲಿ ಯಾರೂ ಓದುವುದಿಲ್ಲ.